ನಿವೃತ್ತಿಯ ನಂತರ ದೊಡ್ಡ ಬೋಟ್: ತೆಗೆದುಕೊಳ್ಳುವ ಮುಂಚೆ ಹೀಗೆ ನೋಡಿ

ಅರವತ್ತು ದಾಟಿದ ಮೇಲೆ ಸಣ್ಣ ಬೋಟ್ ಕೊಟ್ಟು, ಮಲಗಲು ಕೋಣೆ, ಅಡುಗೆಗೆ ಜಾಗ, ಟಾಯ್ಲೆಟ್ ಎಲ್ಲ ಇರುವ ಮೋಟಾರ್ ಕ್ರೂಸರ್ ತೆಗೆದುಕೊಳ್ಳುವ ಆಸೆ ಇದ್ದರೆ ಖಂಡಿತ ತೆಗೆದುಕೊಳ್ಳಿ. ಆದರೆ ಎಷ್ಟು ಅಡಿ ಉದ್ದ ಅಂತ ಕೇಳುವ ಮೊದಲು, ಗಾಳಿ ಇರುವ ದಿನ ಇದನ್ನು ಗಂಡ-ಹೆಂಡತಿ ಇಬ್ಬರೇ ದಕ್ಕೆಗೆ (ಬೋಟ್ ಕಟ್ಟುವ ಕಟ್ಟೆಗೆ) ತಂದು ಕಟ್ಟಬಹುದಾ ಅಂತ ಕೇಳಿಕೊಳ್ಳಿ.

ಮೊದಲ ಕೆಲಸ, ಹತ್ತಿ ಇಳಿದು ನೋಡುವುದು. ನಾನು, ನನ್ನ ಹೆಂಡತಿ 42 ಅಡಿಯ ಒಂದು ಹಳೇ ಬೋಟ್ ನೋಡಲು ಹೋಗಿದ್ದೆವು. ಒಳಗೆ ಸೋಫಾ, ಏಸಿ, ಎಲ್ಲ ಚಂದ. ಆದರೆ ಮೇಲಿನ ಸ್ಟೇರಿಂಗ್ ಹತ್ತಿರ ಹೋಗಲು ಇದ್ದದ್ದು ನೆಟ್ಟಗಿನ ಏಣಿ. ಅವಳು ಮೂರನೇ ಮೆಟ್ಟಿಲಲ್ಲಿ ನಿಂತು ಹಿಡಿಯಲು ಕಂಬಿ ಹುಡುಕಿದಳು, ಕೈಗೆ ಏನೂ ಸಿಗಲಿಲ್ಲ. ಅಲ್ಲಿಗೇ ಆ ಬೋಟ್ ಬೇಡ ಅಂತ ವಾಪಸ್ ಬಂದೆವು. ಇವತ್ತು ಕಷ್ಟಪಟ್ಟು ಹತ್ತಿದರೂ ಇನ್ನು ಹತ್ತು ವರ್ಷಕ್ಕೆ ಮಂಡಿ ಕೇಳಬೇಕಲ್ವಾ? ಅಗಲವಾದ ಮೆಟ್ಟಿಲು, ಹೋದಲ್ಲೆಲ್ಲ ಹಿಡಿ, ಎರಡೂ ಬದಿ ನಡೆಯಲು ಜಾಗ, ಇಷ್ಟಿರಲಿ. ಮೂತಿಯನ್ನು ಅಡ್ಡಕ್ಕೆ ತಳ್ಳುವ ಬೋ ಥ್ರಸ್ಟರ್ ಇದ್ದರೆ ದಕ್ಕೆಗೆ ತಾಗಿಸುವುದು ಬಹಳ ಸುಲಭ.

ಆಮೇಲೆ ಬೋಟಿನ ಎಷ್ಟು ಭಾಗ ನೀರಿನ ಕೆಳಗೆ ಇರುತ್ತದೆ ಅಂತ ಕೇಳಿ. ನಮ್ಮ ಕರಾವಳಿಯಲ್ಲಿ ಇದು ತುಂಬ ಮುಖ್ಯ. ನೇತ್ರಾವತಿ-ಗುರುಪುರ ನದಿ ಸೇರುವ ಮಂಗಳೂರಿನ ಅಳಿವೆಯಾಗಲಿ, ಸ್ವರ್ಣಾ-ಸೀತಾ ಸೇರುವ ಕೋಡಿ ಬೇಂಗ್ರೆಯಾಗಲಿ, ಮರಳು ಸುಮ್ನೆ ಒಂದು ಕಡೆ ಕೂರುವುದಿಲ್ಲ, ಹೋದ ವರ್ಷ ಆಳ ಇದ್ದ ಕಡೆ ಈ ವರ್ಷ ತಳ ತಾಗಬಹುದು. ಇಳಿತದ ನೀರು ಹೊರಗೆ ಓಡುವಾಗ ಎದುರಿನಿಂದ ತೆರೆ ಬಂದರೆ ಅಳಿವೆಯಲ್ಲಿ ಅಲೆ ಕಡಿದಾಗಿ ಏಳುತ್ತದೆ. ಉಬ್ಬರ ನೋಡಿಯೇ ದಾಟಬೇಕು. ನದಿಯ ಒಳಗೂ ಓಡಾಡುವ ಯೋಚನೆ ಇದ್ದರೆ ಸೇತುವೆಗಳ ಎತ್ತರವನ್ನೂ ಲೆಕ್ಕ ಹಾಕಿ.

ವೇಗಕ್ಕೆ ಆಸೆ ಪಡಬೇಡಿ. ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ, ನೀರಿಗೆ ತಾಗುವ ಉದ್ದ 36 ಅಡಿ ಇದ್ದರೆ, ಸುಮಾರು 8 ನಾಟ್ ಅಂದರೆ ಗಂಟೆಗೆ 15 ಕಿ.ಮೀ. ಸಹಜ ವೇಗ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಅರ್ಧ ಗಂಟೆ ಸಾಕು. ನೀರಿನ ಮೇಲೆ ಎದ್ದು ಹಾರುವ ಬೋಟ್ ಡೀಸೆಲ್ ಕುಡಿಯುವುದು ಎಷ್ಟೋ ಪಟ್ಟು ಜಾಸ್ತಿ, ಪೆನ್ಶನ್ನಿನಲ್ಲಿ ಅದನ್ನು ಸಾಕುವುದು ಕಷ್ಟ.

ಇಂಜಿನ್ ಡೀಸೆಲ್ಲೇ ಇರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತುಬಿಡುತ್ತದೆ, ಒಂದು ಕಿಡಿ ಸಾಕು. ನೋಡಲು ಹೋದಾಗ ಇಂಜಿನ್ ತಣ್ಣಗಿರಬೇಕು, ಕೈಯಿಟ್ಟು ನೋಡಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಯಾಕೆ ಅಂತ ಕೇಳಿ, ಸ್ಟಾರ್ಟಿನ ತೊಂದರೆ ಮುಚ್ಚಿಡಲು ಹಾಗೆ ಮಾಡಿರಬಹುದು. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಹೊಗೆ ಪೈಪಿನಿಂದ ಇಂಜಿನ್ನನ್ನು ತಂಪು ಮಾಡಿದ ನೀರು ಬೀಳುತ್ತಿದೆಯಾ ನೋಡಿ. ಫ್ಯಾನಿನ (ಬೋಟನ್ನು ತಳ್ಳುವ ಪ್ರೊಪೆಲ್ಲರಿನ) ಮುಂದೆ, ತಳದ ಅಡಿ ಕೀಲ್, ಅಂದರೆ ಉದ್ದಕ್ಕೆ ಚಾಚಿದ ದಿಂಡು, ಇರುವ ಬೋಟನ್ನೇ ಹುಡುಕಿ, ನಮ್ಮ ಕಡೆ ಎಲ್ಲಿ ನೋಡಿದರೂ ಬಲೆ, ಫ್ಯಾನಿಗೆ ಸುತ್ತಿಕೊಂಡರೆ ನಡು ಕಡಲಲ್ಲಿ ಬಿಡಿಸುವವರು ಯಾರು?

ತಳ ನೋಡಲು ಮಳೆಗಾಲವೇ ಒಳ್ಳೆಯದು, ಆಗ ಬೋಟುಗಳು ದಡ ಏರಿರುತ್ತವೆ. ಫೈಬರ್ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಟಣ್ ಅನ್ನುತ್ತಿದ್ದದ್ದು ಒಂದು ಕಡೆ ಮಂದವಾಗಿ ಕೇಳಿದರೆ ಅಲ್ಲಿ ಪದರ ಬಿಟ್ಟಿರಬಹುದು. ನೀರಗುಳ್ಳೆಗಳನ್ನೂ ಹುಡುಕಿ. ಬೇರೆ ಲೋಹದ ಬದಲು ತಾನು ಸವೆಯಲಿ ಅಂತ ತಳಕ್ಕೆ ಕಟ್ಟಿದ ಸತುವಿನ ತುಂಡು ಪೂರ್ತಿ ಕರಗಿಹೋಗಿದ್ದರೆ ಉಪ್ಪುನೀರು ಫ್ಯಾನ್ ತಿರುಗಿಸುವ ಶಾಫ್ಟನ್ನೂ ತಿನ್ನಲು ಶುರು ಮಾಡಿರಬಹುದು. ಇಷ್ಟಾದ ಮೇಲೂ ಬೋಟ್ ಪರೀಕ್ಷೆ ಮಾಡುವ ಸರ್ವೇಯರ್ ಒಬ್ಬರಿಗೆ ತೋರಿಸಿ, ನೋಂದಣಿ ಮತ್ತು ಇನ್ಶೂರೆನ್ಸ್ ಕಾಗದ ನೋಡದೆ ಮುಂಗಡ ಕೊಡಬೇಡಿ.

ಕೊನೆಗೆ ಕಡಲಿಗೆ ಕರೆದುಕೊಂಡು ಹೋಗಲು ಹೇಳಿ. ಮಾರುವವರ ತಾಂಡೇಲ (ಬೋಟ್ ನಡೆಸುವವನು) ಪಕ್ಕದಲ್ಲಿ ಕೂರಲಿ, ಸ್ಟೇರಿಂಗ್ ನಿಮ್ಮ ಹೆಂಡತಿಯ ಕೈಯಲ್ಲಿರಲಿ, ಹಗ್ಗ ನಿಮ್ಮ ಕೈಯಲ್ಲಿ. ವಾಪಸ್ ಬಂದು ದಕ್ಕೆಗೆ ಮೂರು ಸಲ ತಾಗಿಸಿ ಬಿಡಿಸಿ. ಮೂರನೇ ಸಲವೂ ಇಬ್ಬರಿಗೆ ಗಾಬರಿ ಆಗದಿದ್ದರೆ ಆಮೇಲೆ ರೇಟಿನ ಮಾತು ಎತ್ತಿ.