ಹ್ವೇ ಅರಮನೆಯ ನೀಲಿ ಪಿಂಗಾಣಿ: ತಳ ನೋಡಲು ಕಲಿತ ಬಗೆ

ಉದ್ಯೋಗಕ್ಕಾಗಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ದಿನಗಳಲ್ಲಿ ಹರಾಜಿನ ಪಟ್ಟಿಗಳಲ್ಲಿ ‘ಬ್ಲ್ಯೂ ದ ಹ್ವೇ’ ಎಂಬ ಹೆಸರನ್ನು ಮತ್ತೆ ಮತ್ತೆ ಕಂಡು ನಾನು ಈ ಸಂಗ್ರಹಕ್ಕೆ ಇಳಿದೆ. ವಿಯೆಟ್ನಾಮಿನ ಅರಮನೆಗಾಗಿ ಮಾಡಿದ್ದಾದರೂ ಈ ಪಿಂಗಾಣಿ ಆ ದೇಶದಲ್ಲಿ ತಯಾರಾದದ್ದಲ್ಲ; ಅಲ್ಲಿಂದ ಚೀನಾಕ್ಕೆ ಹೋಗುತ್ತಿದ್ದ ರಾಜನಿಯೋಗಗಳ ಮೂಲಕ ಜಿಂಗ್‌ಡೆಝೆನ್ನಿನ ಭಟ್ಟಿಗಳಿಗೆ ಬೇಡಿಕೆ ಕೊಟ್ಟು ಮಾಡಿಸಿದ್ದು. 1802ರಲ್ಲಿ ಪಟ್ಟಕ್ಕೆ ಬಂದ ಜಾ ಲಾಂಗ್ ಹ್ವೇ ನಗರವನ್ನು ರಾಜಧಾನಿಯಾಗಿಸಿಕೊಂಡ ಮೇಲೆ ಬಂದ ತಟ್ಟೆ, ಬಟ್ಟಲು, ಚಹಾದ ಪರಿಕರಗಳಿಗೆ ಫ್ರೆಂಚರು ಆ ಊರಿನ ಹೆಸರನ್ನೇ ಇಟ್ಟರು.

ನನ್ನ ಮೊದಲ ಖರೀದಿಯೇ ಮೋಸವಾಯಿತು. ಅಂಚಿಗೆ ತಾಮ್ರದ ಪಟ್ಟಿ ಕಟ್ಟಿದ್ದ ಒಂದು ಚಹಾ ತಟ್ಟೆಯ ತಳದಲ್ಲಿ ಮಿನ್ ಮಾಂಗ್ ದೊರೆಯ (1820–1841) ಅಂಕಿತವಿತ್ತು. ಅದನ್ನು ಓದಲು ಬಂದಿತಲ್ಲ ಎಂಬ ಹಿಗ್ಗಿನಲ್ಲಿ ನಾನು ಬೇರೇನನ್ನೂ ನೋಡಲಿಲ್ಲ. ಇಂಥ ಪಟ್ಟಿ ಕಟ್ಟುವುದು ಹ್ವೇ ಸಾಮಾನುಗಳಲ್ಲಿ ವಾಡಿಕೆಯಾದ್ದರಿಂದ ಅನುಮಾನವೂ ಬರಲಿಲ್ಲ. ಮನೆಗೆ ತಂದು ಭೂತಕನ್ನಡಿ ಹಿಡಿದಾಗ ಪಟ್ಟಿಯ ಕೆಳಗೆ, ಚಕ್ಕೆ ಎದ್ದ ಅಂಚನ್ನು ಉಜ್ಜಿ ಸಮ ಮಾಡಿದ್ದ ಗುರುತು ಕಾಣಿಸಿತು.

ಹ್ವೇಯ ಲಾಂಗ್ ಆನ್ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಒಳ್ಳೆಯ ಮಾದರಿಗಳನ್ನು ನೋಡಿದೆನಾದರೂ, ಗಾಜಿನ ಹಿಂದಿನ ತಟ್ಟೆಯನ್ನು ಮಗುಚಿ ನೋಡಲಾಗುವುದಿಲ್ಲ. ಹೀಗಾಗಿ ಫ್ರಾನ್ಸಿನ ಸಣ್ಣ ಊರುಗಳ ಹರಾಜುಗಳಲ್ಲಿ ಯಾರೂ ಕೇಳದ ಒಡಕು ಬಟ್ಟಲುಗಳನ್ನು ಕೊಳ್ಳತೊಡಗಿದೆ. (ನನ್ನ ಹೆಂಡತಿ ಇವನ್ನು ಗುಜರಿಯೆಂದೇ ಕರೆಯುತ್ತಿದ್ದಳು.) ಒಡೆದ ಅಂಚಿನಲ್ಲಿ ಮಣ್ಣಿನ ಬಿಳುಪು, ಲೇಪದ ದಪ್ಪ ಮತ್ತು ಆ ಲೇಪದ ಅಡಿಯಲ್ಲಿ ಕೋಬಾಲ್ಟಿನ ನೀಲಿ ಬಣ್ಣ ಹರಡಿಕೊಂಡ ರೀತಿ ಒಟ್ಟಿಗೇ ಕಾಣಿಸುತ್ತವೆ. ತಳದ ಬಳೆಯಲ್ಲಿ ಲೇಪವಿಲ್ಲದ ಭಾಗ ತಲೆಮಾರುಗಳ ಬಳಕೆಯಿಂದ ನುಣುಪಾಗಿರುತ್ತದೆ, ಗೀರುಗಳು ದಿಕ್ಕುದೆಸೆಯಿಲ್ಲದೆ ಬಿದ್ದಿರುತ್ತವೆ. ಮರಳುಕಾಗದ ಉಜ್ಜಿ ಹಳತು ಮಾಡಿದ್ದರಲ್ಲಿ ಗೀರುಗಳೆಲ್ಲ ಒಂದೇ ಕಡೆಗೆ ಓಡುತ್ತವೆ. ಬೆರಳಿನಿಂದ ತಟ್ಟಿದಾಗ ದನಿ ಮಂಕಾದರೆ ಬಿರುಕಿದೆಯೆಂದು ಅನುಮಾನಿಸುತ್ತೇನೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಹೊಸ ಅಂಟು, ಹೊಸ ಬಣ್ಣಗಳು ಹಲವು ಸಲ ಬೇರೆಯಾಗಿ ಹೊಳೆದು ಸಿಕ್ಕಿಬೀಳುತ್ತವೆ.

ಅಂಕಿತವನ್ನು ಈಗ ಕಟ್ಟಕಡೆಗೆ ಓದುತ್ತೇನೆ. ಅದನ್ನು ಬರೆಯುವುದು ನಕಲಿ ಮಾಡುವವನಿಗೆ ಎಲ್ಲಕ್ಕಿಂತ ಸುಲಭ. ಅಲ್ಲದೆ, ದೊರೆಯ ಹೆಸರಿಲ್ಲದೆ ಬರೀ ಸಂವತ್ಸರವನ್ನು ಬರೆದ ಸಾಮಾನುಗಳೂ ಉಂಟು, ಮತ್ತು ನಮ್ಮ ಪ್ರಭವಾದಿಗಳಂತೆ ಅವರ ವರ್ಷಚಕ್ರವೂ 60ಕ್ಕೆ ತಿರುಗುತ್ತದೆ. ‘ಜಾಪ್ ತಿ’ ಎಂದು ಬರೆದಿದ್ದರೆ ಅದು 1804 ಆಗಬಹುದು, 1864 ಕೂಡ ಆಗಬಹುದು. ಜಾ ಲಾಂಗನ ಕಾಲದ್ದೋ 1864ರಲ್ಲಿ ಆಳುತ್ತಿದ್ದ ದೊರೆ ತು ದುಕ್‌ನ ಕಾಲದ್ದೋ ಎಂಬುದನ್ನು ಮಣ್ಣು, ನೀಲಿ ಮತ್ತು ಕುಂಚದ ಗೆರೆಗಳನ್ನು ನೋಡಿಯೇ ತೀರ್ಮಾನಿಸಬೇಕು.

ಸಾಯ್ಗಾನಿನ ಲೇ ಕಾಂಗ್ ಕಿಯೆವ್ ಬೀದಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಗಂಟೆಗಟ್ಟಲೆ ಕುಳಿತಿದ್ದೇನೆ, ಏನನ್ನೂ ಕೊಂಡಿಲ್ಲ; ನಿಜವಾದ ಪುರಾತನ ವಸ್ತುವನ್ನು ಮಾರಾಟಕ್ಕಾಗಿಯೋ ಸಂಗ್ರಹಕ್ಕಾಗಿಯೋ ದೇಶದಿಂದ ಹೊರಗೆ ಒಯ್ಯಲು ಅಲ್ಲಿನ ಕಾನೂನು ಬಿಡುವುದಿಲ್ಲ. ನನ್ನಲ್ಲಿರುವ ಹನ್ನೊಂದೂ ಫ್ರೆಂಚ್ ಮನೆತನಗಳಿಂದ ಹರಾಜಿಗೆ ಬಂದವು, ಪ್ರತಿಯೊಂದರ ಹಳೆಯ ರಸೀದಿಯೂ ಜೊತೆಗಿದೆ. ಆ ಮೊದಲ ಚಹಾ ತಟ್ಟೆಯ ಪಟ್ಟಿಯನ್ನು ಬಿಚ್ಚಿಸಿ, ಉಜ್ಜಿದ ಅಂಚು ಕಾಣುವಂತೆ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ.