ಮಳೆಗಾಲದ ಸಂಜೆಗೆ ಒಂದು ಊಹೆಯ ಆಟ

ತೀರ್ಥಹಳ್ಳಿ, ಆಗುಂಬೆಯ ಕಡೆ ಜಡಿಮಳೆ ಹಿಡಿದು ಕರೆಂಟ್ ಹೋದ ಸಂಜೆಗಳಲ್ಲಿ ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಲು, ಒಂದು ಹೆಸರು ಹೇಳಿ ‘ಇವರು ಯಾವುದಕ್ಕೆ ಪ್ರಸಿದ್ಧರು?’ ಎಂದು ಕೇಳುವ ಆಟ ಅನುಕೂಲಕರವಾಗಿದೆ.

ಆಟದ ರುಚಿಯೆಲ್ಲ ಹೆಸರುಗಳ ಆಯ್ಕೆಯಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಕುವೆಂಪು ಅವರ ಹೆಸರಿಟ್ಟರೆ ಆಟವೇ ನಡೆಯದು. ಹೆಸರು ಅಪರಿಚಿತವಾಗಿದ್ದು, ಅವರು ಮಾಡಿದ ಕೆಲಸ ಮಾತ್ರ ಮನೆಮನೆಗೂ ಗೊತ್ತಿರುವಂಥವರನ್ನು ಹುಡುಕಬೇಕು. ದಿಲೀಪ್ ಮಹಲನಾಬಿಸ್ ಇದಕ್ಕೆ ಒಳ್ಳೆಯ ಉದಾಹರಣೆ: 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲದಾದಾಗ, ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದ ವೈದ್ಯರು ಇವರು. ಓಆರ್‌ಎಸ್ ಪೊಟ್ಟಣವನ್ನು ಕಾಣದ ಮನೆ ಇಲ್ಲ. ಆದರೆ ಈ ಹೆಸರು ಕೇಳಿದವರು ವಿರಳ. ಹವಾಮಾನ ಮಾಪನದ ಉಪಕರಣಗಳನ್ನು ದೇಶದಲ್ಲೇ ತಯಾರಿಸಲು ಶ್ರಮಿಸಿದ ಅನ್ನಾ ಮಣಿ ಅವರ ಹೆಸರು, ಮಳೆ ಲೆಕ್ಕ ಬರೆದಿಡುವ ನಮ್ಮ ತೋಟದ ಮನೆಗಳಿಗೆ ಹೇಳಿಮಾಡಿಸಿದಂತಿದೆ. 1956ರಲ್ಲಿ ಅಲ್ಪಕಾಲ ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರು ಹಿರಿಯರಿಗೆ ಸುಲಭ, ಮಕ್ಕಳಿಗೆ ಕಠಿಣ. ಆದ್ದರಿಂದ ಪ್ರತಿ ತಂಡದಲ್ಲೂ ಎಲ್ಲ ವಯಸ್ಸಿನವರಿರಲಿ.

ಸುಳಿವುಗಳನ್ನು ಕಾಲ, ಕ್ಷೇತ್ರ, ವಸ್ತು ಎಂಬ ಕ್ರಮದಲ್ಲಿ ಕೊಟ್ಟು, ಮೊದಲ ಸುಳಿವಿಗೇ ಹೇಳಿದವರಿಗೆ 3, ನಂತರ 2, ಕೊನೆಗೆ 1 ಅಂಕ ಕೊಡಬಹುದು. ಕ್ಷೇತ್ರವನ್ನಷ್ಟೇ ಸರಿಯಾಗಿ ಊಹಿಸಿದವರಿಗೆ ಅರ್ಧ ಅಂಕ ಸಲ್ಲುತ್ತದೆಯೇ ಎಂಬುದನ್ನು ಆರಂಭದಲ್ಲೇ ತೀರ್ಮಾನಿಸಿಕೊಳ್ಳಿ. ಜಗಳ ಹುಟ್ಟುವುದು ಸಾಮಾನ್ಯವಾಗಿ ಅಲ್ಲಿಯೇ.