ಗುಟ್ಟುಗಳಿಗೂ ಒಂದು ಪಟ್ಟಿ: ಹಾಸನದ ನಮ್ಮ ಓಪನ್ ಸೋರ್ಸ್ ತಂಡದ ಅನುಭವ

ಓಪನ್ ಸೋರ್ಸ್ ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವ ಸಾಫ್ಟ್‌ವೇರ್. 'ಓಪನ್ ಸೋರ್ಸ್ ಅಂದ ಮೇಲೆ ಗುಟ್ಟು ಯಾಕೆ?' ಅಂತ ತಂಡದಲ್ಲಿ ಕೇಳಿದಾಗ ನಾನೂ ಹೌದು ಅಂದಿದ್ದೆ. ಲೆಕ್ಕದ ಶೀಟನ್ನು ಪೂರ್ತಿ ತೆರೆದಿಟ್ಟೆವು. ಬಸ್ ಚಾರ್ಜಿಗೆ, ಲ್ಯಾಪ್‌ಟಾಪ್ ರಿಪೇರಿಗೆ ಸಹಾಯ ಪಡೆದವರ ಹೆಸರೂ ಅದರಲ್ಲಿತ್ತು. ಬೇಲೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಸುಮಾರು 2,000 ರೂಪಾಯಿ ಪಡೆದಿದ್ದಳು. ಅನುವಾದದಲ್ಲಿ ಎಲ್ಲರಿಗಿಂತ ಚುರುಕು. ಅವಳ ಕ್ಲಾಸಿನವರೇ ಅದನ್ನು ಓದಿ ಆಡಿಕೊಂಡರು. ಮುಂದಿನ ಶನಿವಾರದಿಂದ ಅವಳು ಬರಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಹೆದರಿ ಎಲ್ಲವನ್ನೂ ಮುಚ್ಚಿದೆವು. ಒಳಗಿನ ವಿಷಯ ಹೊರಗೆ ಹೇಳುವುದಿಲ್ಲ ಅಂತ ವಕೀಲರಿಂದ ಕರಾರು ಬರೆಸಿ ಮೂವತ್ತು ಚಿಲ್ಲರೆ ಜನರ ಸಹಿ ಹಾಕಿಸಿದೆ. ಫೀಸು, ಸ್ಟಾಂಪ್ ಪೇಪರ್ ಸೇರಿ ಏಳೆಂಟು ಸಾವಿರ ಹೋಯಿತು. ಎರಡು ಕಾರ್ಯಾಗಾರದ ಊಟದ ದುಡ್ಡು ಅದು! 'ಕೋರ್ ಟೀಮ್ ದುಡ್ಡು ತಿಂತಿದೆ' ಅನ್ನೋ ಮಾತು ಸಕಲೇಶಪುರದವರೆಗೂ ಹೋಯಿತು. ಹತ್ತು ಜನ ಬಿಟ್ಟರು.

ಆಮೇಲೆ ಮಾಡಿದ್ದು ಇಷ್ಟೇ. ವಿಷಯ ಮುಚ್ಚಿಟ್ಟರೂ, ಮುಚ್ಚಿಟ್ಟಿದ್ದೇವೆ ಅನ್ನೋದನ್ನು ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಬರೆಯುವುದು. ಯಾವ ಬಗೆಯ ವಿಷಯ, ಎಷ್ಟು ಜನರಿಗೆ ಗೊತ್ತು, ಯಾವ ತಾರೀಖಿಗೆ ಹೇಳುತ್ತೇವೆ. 'ಇದು ನಡೆಯೋದಿಲ್ಲ, ಜನ ಇನ್ನೂ ಕೆದಕುತ್ತಾರೆ' ಅಂದರು ಹಿರಿಯರು. ಎರಡು ತಿಂಗಳು ಕೆದಕಿದರು, ನಿಜ. ಹೇಳಿದ ತಾರೀಖಿಗೆ ತಪ್ಪದೆ ಹೇಳುತ್ತಾ ಹೋದ ಮೇಲೆ ನಿಂತಿತು.

ದೂರುಗಳಿಗೆ ಮಾತ್ರ ಈ ಪಟ್ಟಿ ಆಗಲಿಲ್ಲ. ನಮ್ಮದು ಸಣ್ಣ ತಂಡ, ಒಂದು ಸಾಲು ಬರೆದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಎಷ್ಟು ಬಂತು, ಎಷ್ಟು ಮುಗಿಯಿತು ಅಂತಷ್ಟೇ ಹೇಳುತ್ತೇವೆ. ದೂರು ಕೇಳುವ ಮೂವರನ್ನು ಆರಿಸಲು ನನ್ನದೇ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕೆಲಸ ಮಾಡೋದಿಲ್ಲ.

ಭದ್ರತೆಯ ದೋಷಗಳನ್ನು ಮುಚ್ಚಿಡಲು 14 ದಿನದ ಗಡುವು. ಲಿನಕ್ಸ್ ಡಿಸ್ಟ್ರೋಗಳ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಬೇರೆ ಬೇರೆ ರೂಪಗಳ) ಖಾಸಗಿ ಇಮೇಲ್ ಪಟ್ಟಿಯಲ್ಲಿ ಒಂದು ದೋಷವನ್ನು ಗರಿಷ್ಠ ಅಷ್ಟೇ ದಿನ ಮುಚ್ಚಿಡಬಹುದು, ಅಲ್ವಾ? ನಮ್ಮ ನೋಂದಣಿ ಫಾರಂನಲ್ಲಿ ಫೋನ್ ನಂಬರ್ ಸೋರುತ್ತಿದ್ದಾಗ ನಂಬರ್ ಇದ್ದವರಿಗೆ ಅವತ್ತೇ ಹೇಳಿದೆವು. ಉಳಿದವರಿಗೆ ಸರಿಪಡಿಸಿದ ಮೇಲೆ, ಐದಾರು ದಿನ ಬಿಟ್ಟು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ತಮ್ಮ ಖಾಸಗಿ ಇಮೇಲ್ ಪಟ್ಟಿಯ ಹಳೆಯ ಪತ್ರಗಳನ್ನು ಮೂರು ವರ್ಷದ ಮೇಲೆ ತೆರೆಯಬೇಕು ಅಂತ, ಲಿನಕ್ಸ್ ಡಿಸ್ಟ್ರೋಗಳಲ್ಲಿ ಒಂದಾದ ಡೆಬಿಯನ್‌ನವರು 2005ರಲ್ಲಿ ಮತ ಹಾಕಿದ್ದರು. ನಮ್ಮ ಇಮೇಲ್ ಪಟ್ಟಿಗೆ ನಾವು ಅದನ್ನೇ ಒಂದು ವರ್ಷಕ್ಕೆ ಇಳಿಸಿದೆವು. ಜನ ಬರೆಯುವುದನ್ನೇ ಬಿಟ್ಟು ಫೋನಲ್ಲಿ ಮಾತಾಡತೊಡಗಿದರು. ಡೆಬಿಯನ್‌ನಲ್ಲೂ ಆ ಪಟ್ಟಿ ಖಾಸಗಿಯಾಗಿಯೇ ಇರಲಿ ಅಂತ 2016ರಲ್ಲಿ ತೀರ್ಮಾನವಾಯಿತು. ನಾವೂ ಕೈಬಿಟ್ಟೆವು.

ಲೆಕ್ಕ ಈಗ ಮತ್ತೆ ತೆರೆದಿದೆ. ಮೊತ್ತ, ಕಾರಣ ಎಲ್ಲರಿಗೂ ಕಾಣುತ್ತದೆ, ಹೆಸರಿನ ಜಾಗದಲ್ಲಿ ಒಂದು ನಂಬರ್. ಹೆಸರಿನ ಪುಸ್ತಕ ಖಜಾಂಚಿ ಹತ್ತಿರ. ಅದನ್ನು ತಾಳೆ ನೋಡಲು ವರ್ಷಕ್ಕೊಬ್ಬ ಹೊಸ ಸ್ವಯಂಸೇವಕರು. ಹೋದ ವರ್ಷ ಸುಮಾರು 60 ಸಾವಿರ ಖರ್ಚಾಯಿತು. ತಾಳೆ ನೋಡಿದವರು ಸಕಲೇಶಪುರದವರು, ಅವತ್ತು ಜೋರಾಗಿ ಮಾತಾಡಿದ್ದವರೇ. ಕಾಫಿ ಕೊಯ್ಲು ಮುಗಿಸಿಕೊಂಡು ಬಂದು ಒಂದು ಶನಿವಾರ ಪೂರ್ತಿ ಕೂತು ನೋಡಿ ಸಹಿ ಹಾಕಿದರು.